ಪಾಟೀಲನ ಕೂಸು, ಭೋಸಲೆಯ ಗಾದಿ

ಒಂದು ಹಾಳೆ ತೆಗೆದುಕೊಂಡು ಈ ಹೆಸರುಗಳನ್ನು ಒಂದರ ಕೆಳಗೊಂದು ಬರೆಯಿರಿ: ಫತ್ತೇಸಿಂಹ, ಶಹಾಜಿ, ಫತ್ತೇಸಿಂಹ, ಮಾಲೋಜಿ, ಶಹಾಜಿ, ಮಾಲೋಜಿ, ಶಹಾಜಿ, ಫತ್ತೇಸಿಂಹ, ವಿಜಯಸಿಂಹ. ಅಕ್ಕಲಕೋಟದ ಗಾದಿಯ ಮೇಲೆ ಕುಳಿತ ಒಂಬತ್ತು ಅರಸರು ಇವರು. 18ನೇ ಶತಮಾನದ ಮೊದಲ ವರ್ಷಗಳಿಂದ 1948ರವರೆಗೆ ಇವರ ಕಾಲ. ಮೊದಲ ಎಂಟು ಮಂದಿಗೆ ಸೇರಿ ಮೂರೇ ಮೂರು ಹೆಸರು!

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲೂ ಉಂಟಲ್ಲ, ಇದರಲ್ಲೇನು ಬೆರಗು ಎನ್ನುತ್ತೀರೇನೋ. ಬೆರಗು ಇರುವುದು ಆ ಅಜ್ಜ ಯಾರ ಅಜ್ಜ ಎಂಬಲ್ಲಿ. ಮಾಲೋಜಿ ಎಂದರೆ ಶಿವಾಜಿ ಮಹಾರಾಜರ ಅಜ್ಜ. ಶಹಾಜಿ ಎಂದರೆ ಅವರ ತಂದೆ. ಬೆಂಗಳೂರನ್ನು ಜಾಗೀರಾಗಿ ಪಡೆದು ಅಲ್ಲಿಂದ ಆಳಿದವರು, ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಇಂದಿಗೂ ಸಮಾಧಿ ಉಳಿದಿರುವವರು. ಅಕ್ಕಲಕೋಟದವರು ತಮ್ಮ ಗಂಡುಮಕ್ಕಳಿಗೆ ತಲೆಮಾರಿನಿಂದ ತಲೆಮಾರಿಗೆ ಇಟ್ಟಿದ್ದು ಈ ಹೆಸರುಗಳನ್ನು. ಆದರೆ ಪಟ್ಟಿಯ ನೆತ್ತಿಯಲ್ಲಿ ಕುಳಿತ ಮೊದಲ ಫತ್ತೇಸಿಂಹ ಭೋಸಲೆ ಇದ್ದಾನಲ್ಲ, ಅವನು ಭೋಸಲೆ ಕುಲದಲ್ಲಿ ಹುಟ್ಟಿದವನೇ ಅಲ್ಲ! ಹುಟ್ಟಿನಿಂದ ಅವನು ರಾಣೋಜಿ ಲೋಖಂಡೆ, ಔರಂಗಾಬಾದ್ ಸೀಮೆಯ ಪಾರದ ಎಂಬ ಹಳ್ಳಿಯ ಪಾಟೀಲನ ಮಗ.

ಒಂದು ಸಣ್ಣ ಕಾಳಗ, ಆಗಷ್ಟೇ ಗಂಡನನ್ನು ಕಳೆದುಕೊಂಡ ಹೆಣ್ಣೊಬ್ಬಳ ಎದೆಗಾರಿಕೆ, ಇಪ್ಪತ್ತೈದರ ಹರೆಯದ ರಾಜಕುಮಾರನಲ್ಲಿ ಮೂಡಿದ ಕನಿಕರ. ಇಷ್ಟರಿಂದಲೇ ಒಂದು ರಾಜಮನೆತನ ಹುಟ್ಟಿತು, ಬಿರುದು ಹುಟ್ಟಿತು, ಅರಮನೆ ಎದ್ದಿತು, ಮುಂದೆ 498 ಚದರ ಮೈಲಿಯ ಸಂಸ್ಥಾನವೆಂದು ನಕಾಶೆಯಲ್ಲಿ ಬಣ್ಣ ಬಳಿಸಿಕೊಂಡಿತು. ಅದೂ ಎಲ್ಲಿ? ಪಾರದದಿಂದ ನೂರಾರು ಮೈಲಿ ದಕ್ಷಿಣಕ್ಕೆ, ಬೋರಿ ಹೊಳೆಯ ಎರೆಭೂಮಿಯಲ್ಲಿ, ಮನೆಮಾತು ಕನ್ನಡವಾಗಿರುವ ಹಳ್ಳಿಗಳ ನಡುವೆ.

ನಡೆದದ್ದು ಹೀಗೆ. 1707ರಲ್ಲಿ ಔರಂಗಜೇಬ ಅಹಮದ್‌ನಗರದ ಬಿಡಾರದಲ್ಲಿ ಕಣ್ಣುಮುಚ್ಚಿದ. ಅವನ ಮಕ್ಕಳು ದಿಲ್ಲಿಯ ಗದ್ದುಗೆಗಾಗಿ ಓಟಕ್ಕೆ ನಿಂತರು. ಆ ಗದ್ದಲದಲ್ಲಿ ಮೊಗಲರ ಪಾಳೆಯದಿಂದ ಒಬ್ಬ ಕೈದಿಗೆ ಬಿಡುಗಡೆಯಾಯಿತು. ಅವನೇ ಶಾಹು, ಶಿವಾಜಿಯ ಮೊಮ್ಮಗ, ಸಂಭಾಜಿಯ ಮಗ. 1689ರಲ್ಲಿ ರಾಯಗಡ ಬಿದ್ದು ತಾಯಿ ಯೇಸೂಬಾಯಿಯ ಜೊತೆ ಸೆರೆ ಸಿಕ್ಕಾಗ ಅವನಿಗೆ ಏಳು ವರ್ಷ. ಹದಿನೆಂಟು ವರ್ಷ ಶತ್ರುವಿನ ಡೇರೆಗಳಲ್ಲೇ ಬೆಳೆದು, ಈಗ ತಾಯಿಯನ್ನು ಒತ್ತೆಯಾಗಿ ಅಲ್ಲೇ ಬಿಟ್ಟು, ತನ್ನ ನಾಡಿಗೆ ಹೊರಟಿದ್ದ. ಕೈಯಲ್ಲಿ ಹೇಳಿಕೊಳ್ಳುವಂಥ ಸೈನ್ಯವಿಲ್ಲ. ಸಾತಾರದಲ್ಲಿ ಚಿಕ್ಕಮ್ಮ ತಾರಾಬಾಯಿ ತನ್ನ ಮಗನ ಹೆಸರಿನಲ್ಲಿ ರಾಜ್ಯ ನಡೆಸುತ್ತಿದ್ದಾಳೆ, ಬರುತ್ತಿರುವವನು ನಿಜವಾದ ಶಾಹುವೇ ಅಲ್ಲ, ಯಾರೋ ವೇಷಗಾರ ಎನ್ನುತ್ತಿದ್ದಾಳೆ. ದಾರಿಯುದ್ದಕ್ಕೂ ಯಾರು ಸೇರುತ್ತಾರೆ, ಯಾರು ಅಡ್ಡ ನಿಲ್ಲುತ್ತಾರೆ ಎಂಬುದೇ ಗೊತ್ತಿಲ್ಲ.

ಪಾರದದ ಪಾಟೀಲ ಅಡ್ಡ ನಿಂತ. ಗಢಿಯ ಬಾಗಿಲು ಹಾಕಿ ಗುಂಡು ಹಾರಿಸಿದ. ಕಾಳಗ ಬಹಳ ಹೊತ್ತು ನಡೆಯುವಂಥದ್ದಾಗಿರಲಿಲ್ಲ, ಪಾಟೀಲ ಸತ್ತ. ಆಗ ಅವನ ಹೆಂಡತಿ ಹಸುಗೂಸನ್ನು ಎತ್ತಿಕೊಂಡು ಬಂದು ಶಾಹುವಿನ ಮುಂದೆ ಹಾಕಿದಳು. ಇನ್ನು ಇವನು ನಿನ್ನವನು, ನಿನ್ನ ಸೇವೆಗೆ ಬಿಟ್ಟಿದ್ದೇನೆ ಎಂಬುದು ಅವಳ ಮಾತಿನ ತಾತ್ಪರ್ಯ. ಮರಾಠರ ಇತಿಹಾಸ ಬರೆದ ಗ್ರ್ಯಾಂಟ್ ಡಫ್ ಈ ಘಟನೆಯನ್ನು ಒಂದೆರಡು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿಬಿಡುತ್ತಾನೆ. ಓದುವವರಿಗೆ ಮುಂದೆ ಹೋಗಲು ಕಾಲೇ ಬರುವುದಿಲ್ಲ. ಗಂಡನನ್ನು ಕೊಂದವನ ಕೈಗೆ ಮಗುವನ್ನು ಕೊಡುವ ಆ ತಾಯಿಯ ಲೆಕ್ಕಾಚಾರವೇನು? ಹತಾಶೆಯೋ, ಚಾಣಾಕ್ಷತನವೋ? ನನ್ನ ಮಟ್ಟಿಗೆ ಎರಡೂ. ಸೋತ ಪಾಟೀಲನ ಮಗನಿಗೆ ಆ ಕಾಲದಲ್ಲಿ ಎರಡೇ ದಾರಿ, ಒಂದು ಕತ್ತಿ, ಇನ್ನೊಂದು ಗೆದ್ದವನ ಮಡಿಲು. ಅವಳು ಎರಡನೆಯದನ್ನು ಕಸಿದುಕೊಂಡಳು. ಎದುರಿಗೆ ನಿಂತವನಾದರೂ ಯಾರು! ಬಾಲ್ಯವನ್ನೆಲ್ಲ ಶತ್ರುವಿನ ಮನೆಯಲ್ಲಿ ಕಳೆದು ಬಂದವನು. ಅನಾಥ ಮಗುವಿನ ಮುಖ ನೋಡಿದಾಗ ಅವನಿಗೆ ಯಾರ ನೆನಪಾಗಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಶಾಹು ಆ ಕೂಸನ್ನು ಎತ್ತಿಕೊಂಡ. ತನ್ನ ಮೊದಲ ಗೆಲುವಿನ ಗುರುತಿಗೆ ಫತ್ತೇಸಿಂಹ ಎಂದು ಹೆಸರಿಟ್ಟ. ಅಷ್ಟಕ್ಕೇ ನಿಲ್ಲಿಸದೆ ತನ್ನ ಕುಲದ ಹೆಸರನ್ನೇ ಕೊಟ್ಟುಬಿಟ್ಟ: ಭೋಸಲೆ. 1708ರ ಜನವರಿಯಲ್ಲಿ ಸಾತಾರದಲ್ಲಿ ಪಟ್ಟಾಭಿಷೇಕವಾದ ಶಾಹು ಛತ್ರಪತಿಯ ಮನೆಯಲ್ಲಿ ಆ ಮಗು ಮಗನಂತೆಯೇ ಬೆಳೆಯಿತು. ಅರಮನೆಯ ಒಳಾಡಳಿತವೆಲ್ಲ ಯಾರ ಕೈಯಲ್ಲಿತ್ತೋ ಆ ವೀರೂಬಾಯಿ ಅವನನ್ನು ಸಾಕಿದಳು. ಅಕ್ಕಲಕೋಟ ಮತ್ತು ಸುತ್ತಲಿನ ಹಳ್ಳಿಗಳು ಅವನಿಗೆ ಜಾಗೀರಾಗಿ ಬಂದವು. ಸಂಸ್ಥಾನದ ಆಯುಷ್ಯವನ್ನು ಸಾಮಾನ್ಯವಾಗಿ 1708ರಿಂದಲೇ ಎಣಿಸುತ್ತಾರೆ. ಅಂದರೆ ಜಾಗೀರಿಗೂ ಜಾಗೀರದಾರನಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು!

ಇಲ್ಲಿಂದ ಮುಂದಿನದು ನಮ್ಮ ನಾಡಿನ ಚರಿತ್ರೆಗೇ ನೇರವಾಗಿ ತಗಲುತ್ತದೆ. 1725ರಿಂದ 1727ರ ನಡುವೆ ಮರಾಠರು ಕರ್ನಾಟಕದ ಮೇಲೆ ಎರಡು ದಂಡಯಾತ್ರೆ ಮಾಡಿದರು. ಮೊದಲನೆಯದು ಚಿತ್ರದುರ್ಗದ ತನಕ, ಎರಡನೆಯದು ಶ್ರೀರಂಗಪಟ್ಟಣದ ತನಕ. ಪಡೆಯಲ್ಲಿ ಪೇಶ್ವೆ ಮೊದಲನೆಯ ಬಾಜೀರಾಯನಂಥ ಸಿಡಿಲು ಇದ್ದ. ಆದರೂ ಛತ್ರಪತಿ ದಂಡನಾಯಕತ್ವ ಕೊಟ್ಟಿದ್ದು ಯಾರಿಗೆ? ಆಗಿನ್ನೂ ಇಪ್ಪತ್ತರ ಆಸುಪಾಸಿನ ಫತ್ತೇಸಿಂಹ ಭೋಸಲೆಗೆ. ಪಾಟೀಲನ ಕೂಸು ಪೇಶ್ವೆಯನ್ನು ಜೊತೆಗಿಟ್ಟುಕೊಂಡು ಶ್ರೀರಂಗಪಟ್ಟಣದ ಬಾಗಿಲಿಗೆ ಬಂದಿತ್ತು. ನಾವು ಶಾಲೆಯಲ್ಲಿ ಓದಿದ್ದು ಬಾಜೀರಾಯನ ಹೆಸರನ್ನು ಮಾತ್ರ.

1740ರಲ್ಲಿ ಇನ್ನೂ ದೊಡ್ಡ ಸವಾರಿ ಹೊರಟಿತು. ನಾಗಪುರದ ರಘೂಜಿ ಭೋಸಲೆ ಮತ್ತು ಫತ್ತೇಸಿಂಹ ಸೇರಿ ದಕ್ಷಿಣದ ಘಟ್ಟ ಇಳಿದರು. ಆ ವರ್ಷದ ಮೇ ತಿಂಗಳಲ್ಲಿ ದಾಮಲಚೆರುವಿನ ಕಣಿವೆಯಲ್ಲಿ ಆರ್ಕಾಟಿನ ನವಾಬ ದೋಸ್ತ್ ಅಲಿ ಸತ್ತ. 1741ರ ಮಾರ್ಚಿನಲ್ಲಿ ತಿರುಚಿರಾಪಳ್ಳಿ ಶರಣಾಯಿತು. ಅದನ್ನು ಹಿಡಿದುಕೊಂಡಿದ್ದ ನವಾಬನ ಅಳಿಯ ಚಂದಾಸಾಹೇಬ ಕೈದಿಯಾಗಿ ಸಾತಾರದ ಕಡೆ ನಡೆದ. ಮುಂದೆ ಇಂಗ್ಲಿಷರೂ ಫ್ರೆಂಚರೂ ತಿರುಚಿಗಾಗಿ ಕಾದಾಡಿದ ದೊಡ್ಡ ನಾಟಕದ ಮೊದಲ ಅಂಕ ಇದೇ. ಅದರಲ್ಲಿ ಅಕ್ಕಲಕೋಟದ ಮೊದಲ ಅರಸನದೂ ಒಂದು ಪಾತ್ರ ಎಂಬುದನ್ನು ಇಂದು ಅಕ್ಕಲಕೋಟಕ್ಕೆ ಹೋಗಿ ಬರುವ ಲಕ್ಷಾಂತರ ಯಾತ್ರಿಕರಲ್ಲಿ ಎಷ್ಟು ಮಂದಿ ಬಲ್ಲರು?

ಶಾಹುವಿಗೆ ಗಂಡುಸಂತಾನ ಉಳಿಯಲಿಲ್ಲ. 1749ರ ಡಿಸೆಂಬರಿನಲ್ಲಿ ಅವನು ತೀರಿಕೊಂಡಾಗ ಗಾದಿಗೆ ಬಂದದ್ದು ತಾರಾಬಾಯಿ ತನ್ನ ಮೊಮ್ಮಗನೆಂದು ಮುಂದೆ ತಂದ ರಾಮರಾಜ. ಮಗನಂತೆ ಬೆಳೆದ ಫತ್ತೇಸಿಂಹನಿಗೆ ಸಾತಾರದ ಸಿಂಹಾಸನ ದಕ್ಕಲಿಲ್ಲ, ದಕ್ಕಿದ್ದು ಅಕ್ಕಲಕೋಟ. 1760ರಲ್ಲಿ ತೀರಿಕೊಳ್ಳುವ ತನಕ ಅದು ಅವನ ಕೈಯಲ್ಲಿತ್ತು. ದೊಡ್ಡ ಗಾದಿ ತಪ್ಪಿದ್ದು ದುರದೃಷ್ಟವೋ ಅದೃಷ್ಟವೋ? ಈ ಪ್ರಶ್ನೆಗೆ ಉತ್ತರ ಸಿಗಲು ಸುಮಾರು ನೂರು ವರ್ಷ ಹಿಡಿಯಿತು. ಆ ಉತ್ತರ ಎಷ್ಟು ಸೊಗಸಾಗಿದೆಯೆಂದರೆ ಅದನ್ನು ಸ್ವಲ್ಪ ಹೊತ್ತು ತಡೆಹಿಡಿದು, ಮೊದಲು ಜಾಗೀರನ್ನೇ ಒಂದು ಸುತ್ತು ಹಾಕಿ ಬರೋಣ.

ಸೊಲ್ಲಾಪುರದಿಂದ ಆಗ್ನೇಯಕ್ಕೆ ಹೊರಟರೆ ನೆಲ ಕಪ್ಪಾಗುತ್ತ ಹೋಗುತ್ತದೆ. ಬಿಳಿಜೋಳ, ತೊಗರಿ, ಕಡಲೆ. ತುಳಜಾಪುರದ ಕಡೆಯಿಂದ ಇಳಿದು ಬರುವ ಬೋರಿ ಭೀಮೆಯನ್ನು ಕೂಡಲು ದಕ್ಷಿಣಕ್ಕೆ ಹರಿಯುತ್ತದೆ. ಕುರನೂರಿನ ಬಳಿ ಈಗ ಅದಕ್ಕೆ ಅಣೆಕಟ್ಟು. ಗಡಿ ದಾಟಿದರೆ ಕರ್ನಾಟಕದ ಆಳಂದ, ಅಫಜಲಪುರ, ಇಂಡಿ. ಊರ ಹೆಸರುಗಳನ್ನು ಕೇಳಿ: ನಾಗಣಸೂರ, ಹನ್ನೂರ, ತೋಳನೂರ, ಕರಜಗಿ, ಜೇವೂರ, ತಡವಳ. ಇವೆಲ್ಲ ಇಂದು ಮಹಾರಾಷ್ಟ್ರದ ಅಕ್ಕಲಕೋಟ ತಾಲ್ಲೂಕಿನ ಊರುಗಳು ಎಂದರೆ ಧಾರವಾಡದವರೂ ಒಮ್ಮೆ ಹುಬ್ಬೇರಿಸುತ್ತಾರೆ. ಸಂತೆಯಲ್ಲಿ ‘ಎಷ್ಟ್ರೀ?’ ಎಂದರೆ ಸಾಕು, ವ್ಯಾಪಾರ ಕನ್ನಡದಲ್ಲೇ ಮುಗಿಯುತ್ತದೆ. ರಾಜನ ದಫ್ತರು ಮರಾಠಿಯದು, ಮೋಡಿ ಅಕ್ಷರದ್ದು. ಪ್ರಜೆಯ ಅಳಲು, ಹಾಡು, ಬೈಗುಳ ಎಲ್ಲ ಕನ್ನಡದ್ದು. ಎರಡರ ನಡುವೆ ಕುಲಕರ್ಣಿ ಲೆಕ್ಕಣಿಕೆ ಹಿಡಿದು ಕುಳಿತು ಒಂದನ್ನು ಇನ್ನೊಂದಕ್ಕೆ ದಾಟಿಸುತ್ತಿದ್ದ ನೋಟವನ್ನು ಊಹಿಸಿಕೊಂಡರೇ ಒಂದು ಕಾದಂಬರಿಗಾಗುವಷ್ಟು ಸರಕಿದೆ.

ಇನ್ನೊಂದು ವಿಚಿತ್ರ ನೋಡಿ. ಸಂಸ್ಥಾನ ಒಂದೇ ತುಂಡಾಗಿರಲಿಲ್ಲ! ಮುಖ್ಯ ಭಾಗ ಇಲ್ಲಿ, ಆದರೆ ಮಾಳಶಿರಸ ತಾಲ್ಲೂಕಿನ ಪಿಲೀವ್ ಕೂಡ ಅಕ್ಕಲಕೋಟದ್ದೇ, ಸಾತಾರ ಜಿಲ್ಲೆಯ ಖಟಾವ್ ತಾಲ್ಲೂಕಿನ ಕುರ್ಲಾ ಕೂಡ ಅಕ್ಕಲಕೋಟದ್ದೇ. ನಡುವೆ ಅನ್ಯರ ನೆಲವನ್ನು ಉದ್ದಕ್ಕೂ ದಾಟಿ ಹೋಗಬೇಕು. ಕನ್ನಡದ ಎರೆಯಲ್ಲಿ ಕಾಲು, ಮಾಣ್‌ದೇಶದ ಕಲ್ಲುನೆಲದಲ್ಲಿ ಒಂದು ಬೆರಳು ಎಂಬಂತೆ ಇತ್ತು ಈ ರಾಜ್ಯ. ಇಂಥ ಚೂರುಪಾರು ಗಡಿಗಳನ್ನು ನೋಡಿದಾಗ, ಅಂದಿನವರಿಗೆ ರಾಜ್ಯವೆಂದರೆ ನಕಾಶೆಯಲ್ಲ, ಹಕ್ಕುಗಳ ಒಂದು ಕಟ್ಟು ಎಂಬುದು ಅರಿವಾಗುತ್ತದೆ. ಈ ಹಳ್ಳಿಯ ಕಂದಾಯ ನನ್ನದು, ಆ ಹಳ್ಳಿಯ ಸರದೇಶಮುಖಿ ಎಂಬ ಮೇಲುತೆರಿಗೆ ನಿನ್ನದು, ಬದಲಿಗೆ ಇಷ್ಟು ಕುದುರೆ ಸಾಕಿ ಛತ್ರಪತಿ ಕರೆದಾಗ ತರಬೇಕು. ಕುದುರೆಯ ಆ ಹೊಣೆಯನ್ನು ಮುಂದೆ ಬ್ರಿಟಿಷರು ನಗದಾಗಿ ಮಾಡಿಕೊಂಡರು. ವರ್ಷಕ್ಕೆ ಸುಮಾರು 14,500 ರೂಪಾಯಿ ಕಪ್ಪ.

ಹಕ್ಕಿಗೆ ಕೈ ಹಾಕಿದರೆ ಏನಾಗುತ್ತದೆಂಬುದಕ್ಕೂ ಇಲ್ಲಿ ಒಂದು ಪ್ರಸಂಗವಿದೆ. 1828ರಲ್ಲಿ ಅಕ್ಕಲಕೋಟದ ಮೊದಲನೆಯ ಮಾಲೋಜಿ ತೀರಿಕೊಂಡು ಎರಡನೆಯ ಶಹಾಜಿ ಎಳೆಯ ವಯಸ್ಸಿನಲ್ಲಿ ಗಾದಿಗೆ ಬಂದ. ಸಾತಾರದ ಕಡೆಯಿಂದ ಬಂದ ಆಡಳಿತಗಾರರು ಹಳೆಯ ವತನಗಳನ್ನು ಕೆದಕತೊಡಗಿದರು. ಬೋರಗಾವದ ಸರದೇಶಮುಖ ಶಂಕರರಾವ್ ಎದ್ದು ನಿಂತ, ಜನ ಅವನ ಹಿಂದೆ ನಿಂತರು. 1830ರ ಈ ದಂಗೆಯನ್ನು ಅಡಗಿಸಲು ಸಾತಾರದ ಪಡೆ ಸಾಲದೆ ಸೊಲ್ಲಾಪುರದ ಇಂಗ್ಲಿಷ್ ದಂಡೂ ಬರಬೇಕಾಯಿತು. ಕಿತ್ತೂರಿನ ಕಿಚ್ಚು ಆರಿ ಆಗಿನ್ನೂ ಐದಾರು ವರ್ಷವಷ್ಟೇ. ಕಿತ್ತೂರನ್ನು ನಾವು ಹಾಡುತ್ತೇವೆ, ಬೋರಗಾವದ ಹೆಸರನ್ನು ಗೆಜೆಟಿಯರಿನ ಪುಟಗಳಲ್ಲಿ ಹುಡುಕಬೇಕು.

ಕಿತ್ತೂರಿನ ಮಾತು ಬಂತಲ್ಲ, ತಡೆಹಿಡಿದ ಉತ್ತರವನ್ನು ಈಗ ಬಿಚ್ಚಬಹುದು.

ಪೇಶ್ವಾಯಿ 1818ರಲ್ಲಿ ಮುಗಿಯಿತು. ಇಂಗ್ಲಿಷರು ಸಾತಾರದಲ್ಲಿ ಪ್ರತಾಪಸಿಂಹನನ್ನು ಗಾದಿಗೆ ಕೂರಿಸಿದರು. ಅವನ ಕೆಳಗಿದ್ದ ಜಾಗೀರದಾರರ ಜೊತೆ ತಾವೇ ಬೇರೆ ಬೇರೆ ಒಪ್ಪಂದ ಮಾಡಿಕೊಂಡರು. ಅಕ್ಕಲಕೋಟದ ಎರಡನೆಯ ಫತ್ತೇಸಿಂಹನೊಂದಿಗೆ ಆದದ್ದು 1820ರಲ್ಲಿ. ಔಂಧ, ಭೋರ, ಜತ್ತ, ಫಲಟಣ, ಡಫಳಾಪುರ, ಅಕ್ಕಲಕೋಟ, ಇವಕ್ಕೆಲ್ಲ ಸೇರಿ ಸಾತಾರದ ಜಾಗೀರುಗಳೆಂದು ಹೆಸರು. 1839ರಲ್ಲಿ ಪ್ರತಾಪಸಿಂಹನನ್ನು ಇಳಿಸಿ ಅವನ ತಮ್ಮ ಆಪ್ಪಾಸಾಹೇಬನನ್ನು ಕೂರಿಸಿದರು. 1848ರ ಏಪ್ರಿಲಿನಲ್ಲಿ ಆಪ್ಪಾಸಾಹೇಬ ತೀರಿಕೊಂಡ. ಸಾಯುವ ಮುಂಚೆ ಶಾಸ್ತ್ರೋಕ್ತವಾಗಿ ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡಿದ್ದ. ಗವರ್ನರ್ ಜನರಲ್ ಡಾಲ್‌ಹೌಸಿ ಏನೆಂದ? ದತ್ತು ನಡೆಯದು. ಶಿವಾಜಿಯ ವಂಶದ ಗಾದಿ, ಶಾಹು ಕೂತ ಗಾದಿ, ಕಂಪನಿಯ ಖಜಾನೆಗೆ ಜಮಾ!

ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸಾತಾರದ ಗಾದಿ ಅಳಿದದ್ದು ದತ್ತುಮಗ ಮಗನಲ್ಲ ಎಂಬ ಒಂದೇ ಕಾರಣಕ್ಕೆ. ಅದೇ ಸಾತಾರದ ಛತ್ರಪತಿ ನೂರ ನಲವತ್ತು ವರ್ಷ ಹಿಂದೆ ರಣಭೂಮಿಯಲ್ಲಿ ಎತ್ತಿಕೊಂಡ ಕೂಸಿನ ಮನೆತನ ಉಳಿಯಿತು! ಹುಟ್ಟಿನಿಂದಲೇ ಎರವಲು ಕುಲನಾಮದ್ದು, ಎತ್ತಿಕೊಂಡ ಕೈಯಿಂದಲೇ ಹುಟ್ಟಿದ್ದು, ಅದು ಉಳಿಯಿತು. ಎತ್ತಿಕೊಂಡ ಕೈ ಹೋಯಿತು. ಸಾತಾರ ಮುಳುಗಿದ ಮೇಲೆ ಅಕ್ಕಲಕೋಟದವರು ನೇರವಾಗಿ ಬ್ರಿಟಿಷರ ಮಾಂಡಲಿಕರಾಗಿ ಇನ್ನೂ ನೂರು ವರ್ಷ ಅರಮನೆಯಲ್ಲಿ ಕೂತರು. 1749ರಲ್ಲಿ ಫತ್ತೇಸಿಂಹನಿಗೆ ದೊಡ್ಡ ಗಾದಿ ತಪ್ಪದೆ ಸಿಕ್ಕಿದ್ದರೆ ಈ ಉಳಿವು ಅವನ ಮನೆತನಕ್ಕೆ ಸಿಗುತ್ತಿತ್ತೇ?

ನಮಗೆ ಕನ್ನಡಿಗರಿಗೆ ಈ ದತ್ತಕದ ಕಥೆ ಒಳಗಿನಿಂದ ಗೊತ್ತು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ದತ್ತಕವನ್ನು ಒಪ್ಪದ ಕಲೆಕ್ಟರ್ ಥ್ಯಾಕರೆ ಅಕ್ಟೋಬರ್ 23ರಂದು ಕೋಟೆಯ ಮುಂದೆ ಬಿದ್ದ, ಚೆನ್ನಮ್ಮ ನಮ್ಮ ಎದೆಯಲ್ಲಿ ಎದ್ದಳು. ಮೈಸೂರಿನಲ್ಲಿ ಅದೇ ಪ್ರಶ್ನೆ ಬಂದಾಗ 1867ರಲ್ಲಿ ಲಂಡನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ದತ್ತುಮಗನನ್ನು ಒಪ್ಪಿತು, 1881ರಲ್ಲಿ ಹತ್ತನೆಯ ಚಾಮರಾಜೇಂದ್ರರಿಗೆ ರಾಜ್ಯ ಮರಳಿತು. ಒಂದು ಕಡೆ ಮಗು ಎಂದರೆ ಯುದ್ಧ, ಇನ್ನೊಂದು ಕಡೆ ಮಗು ಎಂದರೆ ರಾಜ್ಯ. ಈ ಎರಡರ ನಡುವೆ, ಕಾನೂನಿನ ಪಂಡಿತರು ಹುಟ್ಟುವ ಮೊದಲೇ ಎಲ್ಲ ಮುಗಿಸಿಕೊಂಡು ಸುಮ್ಮನೆ ಕೂತಿದ್ದ ಅಕ್ಕಲಕೋಟ!

ಇಷ್ಟಾದರೂ ಅಕ್ಕಲಕೋಟವೆಂದರೆ ಇಂದು ಯಾರಿಗೂ ರಾಜನ ನೆನಪಾಗುವುದಿಲ್ಲ. ಸ್ವಾಮಿ ಸಮರ್ಥರು! 1856ರ ಹೊತ್ತಿಗೆ ಎಲ್ಲಿಂದಲೋ ಈ ಊರಿಗೆ ಬಂದ ಆ ಅವಧೂತರು ಇಪ್ಪತ್ತೆರಡು ವರ್ಷ ಇಲ್ಲೇ ಇದ್ದು 1878ರ ಏಪ್ರಿಲ್ 30ರಂದು ಇಲ್ಲೇ ಸಮಾಧಿಸ್ಥರಾದರು. ಅವರು ಕೂರುತ್ತಿದ್ದ ಆಲದ ಮರ ಈಗ ವಟವೃಕ್ಷ ಮಂದಿರ. ಇರುತ್ತಿದ್ದ ಭಕ್ತ ಚೋಳಪ್ಪನ ಮನೆ ಈಗ ಸಮಾಧಿ ಮಠ. 1857ರಿಂದ ಗಾದಿಯಲ್ಲಿದ್ದ ಎರಡನೆಯ ಮಾಲೋಜಿರಾಜೇ ಅವರ ಭಕ್ತ. ಆ ರಾಜ ಮತ್ತು ಸ್ವಾಮಿಯ ಒಂದು ಪ್ರಸಂಗವನ್ನು ಭಕ್ತರು ಇಂದಿಗೂ ಬಾಯಿತುಂಬ ಹೇಳುತ್ತಾರೆ. ರಾಜ ಆನೆಯೇರಿ, ಪರಿವಾರ ಕಟ್ಟಿಕೊಂಡು, ವೈಭವದಿಂದ ದರ್ಶನಕ್ಕೆ ಬಂದನಂತೆ. ಸ್ವಾಮಿ ಕೆನ್ನೆಗೆ ಹೊಡೆದರಂತೆ, ತಲೆಯ ಮುಂಡಾಸು ದೂರ ಹೋಗಿ ಬಿತ್ತಂತೆ. ನಿನ್ನ ರಾಜತನ ನಿನ್ನ ಮನೆಯಲ್ಲಿಟ್ಟುಕೋ, ಇಂಥ ಎಷ್ಟೋ ರಾಜರನ್ನು ನಾವು ಮಾಡುತ್ತೇವೆ ಎಂಬರ್ಥದ ಮಾತೂ ಬಂತಂತೆ. ಆಮೇಲಿನಿಂದ ರಾಜ ನಡೆದುಕೊಂಡೇ ಬರುತ್ತಿದ್ದನಂತೆ.

ಭಕ್ತರು ಇದನ್ನು ಅಹಂಕಾರ ಮುರಿದ ಕಥೆಯಾಗಿ ಹೇಳುತ್ತಾರೆ, ಸರಿಯೇ. ಆದರೆ ಪಾರದದ ಕೂಸಿನ ಕಥೆ ತಿಳಿದವರು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆ ರಾಜನ ಮೂಲಪುರುಷನನ್ನು ಯಾರೋ ನಿಜವಾಗಿಯೂ ಒಂದೇ ಮಾತಿನಲ್ಲಿ ರಾಜನನ್ನಾಗಿ ಮಾಡಿದ್ದರಲ್ಲ! ಇಡೀ ಹಿಂದೂಸ್ಥಾನದ ಅರಸರಲ್ಲಿ ಆ ಏಟು ತಗಲಬೇಕಾದ ಕೆನ್ನೆ ಇದಕ್ಕಿಂತ ಸರಿಯಾದದ್ದು ಇನ್ನೊಂದಿರಲಿಲ್ಲ. ಇದು ನನ್ನ ಮಾತು, ಭಕ್ತರು ಕ್ಷಮಿಸಲಿ.

ಅರಮನೆಗಳು ಎರಡು. ಊರ ನಡುವಿನ ಜುನಾ ರಾಜವಾಡಾ, ಅಂದರೆ ಹಳೆಯ ಅರಮನೆ. ಇನ್ನೊಂದು ಕಳೆದ ಶತಮಾನದ ಆರಂಭದ ಹೊಸ ಅರಮನೆ. ಯಾತ್ರಿಕರು ಮಠದಿಂದ ಅನ್ನಛತ್ರಕ್ಕೆ, ಅನ್ನಛತ್ರದಿಂದ ಬಸ್ಸಿಗೆ ಹೋಗಿಬಿಡುತ್ತಾರೆ. 1988ರಲ್ಲಿ ಶುರುವಾದ ಆ ಅನ್ನಛತ್ರದಲ್ಲಿ ದಿನವೂ ಸಾವಿರಾರು ಜನ ಉಣ್ಣುತ್ತಾರೆ, ಅಲ್ಲಿನ ಪಂಕ್ತಿ ನೋಡುವುದೇ ಒಂದು ಹಬ್ಬ. ಆದರೆ ಊಟದ ಮೇಲೆ ದಯವಿಟ್ಟು ಹೊಸ ಅರಮನೆಯ ಕಡೆ ಕಾಲು ಹಾಕಿ. ಅಲ್ಲಿದೆ ಶಸ್ತ್ರಾಗಾರ. 

ಒಳಗೆ ಕತ್ತಿ, ಕಠಾರಿ, ಭರ್ಜಿ, ಗುರಾಣಿ, ಬಂದೂಕು. ಎಲ್ಲವನ್ನೂ ಕಣ್ಣು ಹಾಯಿಸಿ ದಾಟಿ ಹೋಗುವುದಕ್ಕಿಂತ ಒಂದರ ಮುಂದೆ ನಿಲ್ಲುವುದು ಮೇಲು. ನನ್ನ ಆಯ್ಕೆ ದಾಂಡಪಟ್ಟಾ. ಮೊದಲ ನೋಟಕ್ಕೆ ಅದು ಕತ್ತಿಯೋ ಕೈಗವಸೋ ತಿಳಿಯುವುದಿಲ್ಲ. ಮೊಣಕೈವರೆಗೆ ತೋಳನ್ನು ನುಂಗುವ ಉಕ್ಕಿನ ಚಿಪ್ಪು; ಅದರೊಳಗೆ ಕೈ ಇಟ್ಟು ಅಡ್ಡಪಟ್ಟಿಯೊಂದನ್ನು ಮುಷ್ಟಿಯಲ್ಲಿ ಹಿಡಿಯಬೇಕು. ಚಿಪ್ಪಿನ ಬಾಯಿಂದ ನೇರ ಮುಂದಕ್ಕೆ ಉದ್ದನೆಯ, ಎರಡೂ ಅಂಚು ಹರಿತವಾದ, ಬಾಗುವಷ್ಟು ತೆಳ್ಳನೆಯ ಅಲಗು. ಹಿಡಿದ ಮೇಲೆ ಮಣಿಕಟ್ಟು ಆಡುವಂತಿಲ್ಲ! ಚಿಪ್ಪು ಅದನ್ನು ಬಿಗಿದುಬಿಡುತ್ತದೆ. ಹಾಗಾಗಿ ಬೀಸುವುದೆಲ್ಲ ಭುಜದಿಂದ, ಸೊಂಟದಿಂದ, ಕಾಲಿನ ತಿರುವಿನಿಂದ. ಒಂದು ಪಟ್ಟಾ ಬೀಸಿದರೆ ಇಡೀ ಮನುಷ್ಯನೇ ಸುತ್ತಬೇಕು. ಸುತ್ತಲೂ ಶತ್ರು ಮುತ್ತಿದಾಗ ಒಬ್ಬನೇ ಹತ್ತು ಜನಕ್ಕೆ ಅಂತರ ಹುಟ್ಟಿಸಲು ಕಟ್ಟಿದ ಯಂತ್ರ ಇದು. ಇದನ್ನು ಕಲಿಯಲು ವರ್ಷಗಳೇ ಬೇಕು, ಅರೆಬರೆ ಕಲಿತವನು ಮೊದಲು ಗಾಯ ಮಾಡಿಕೊಳ್ಳುವುದು ತನಗೇ. ಚಿತ್ರದುರ್ಗಕ್ಕೂ ತಿರುಚಿಗೂ ಬಂದ ಮರಾಠ ಸವಾರರ ಕೈಯಲ್ಲಿದ್ದ ಆಯುಧಗಳ ಜಾತಿ ಇದೇ ಎಂದು ನೆನೆದ ಕೂಡಲೇ ಗಾಜಿನಾಚೆಯ ಉಕ್ಕು ಬೇರೆಯೇ ಆಗಿ ಕಾಣುತ್ತದೆ.

ಗಮ್ಮತ್ತೆಂದರೆ ಇಷ್ಟೆಲ್ಲ ಶಸ್ತ್ರವಿದ್ದ ಈ ಮನೆತನಕ್ಕೆ ಬ್ರಿಟಿಷರ ಕಾಲದಲ್ಲಿ ಒಂದು ತೋಪಿನ ಮರ್ಯಾದೆಯೂ ಇರಲಿಲ್ಲ. ಮುಧೋಳಕ್ಕೆ ಒಂಬತ್ತು ತೋಪು, ಸಾಂಗಲಿಗೆ ಒಂಬತ್ತು, ಕೊಲ್ಲಾಪುರಕ್ಕೆ ಹತ್ತೊಂಬತ್ತು. ಅಕ್ಕಲಕೋಟದ ರಾಜಾಸಾಹೇಬರಿಗೆ ಸೊನ್ನೆ! ಮೆಹೆರಬಾನ್, ಶ್ರೀಮಂತ, ರಾಜೇ ಭೋಸಲೆ ಎಂದು ಹೆಸರಿನ ಹಿಂದೆಮುಂದೆ ಬಿರುದುಗಳ ಸಾಲಿತ್ತು, ಸಲಾಮಿನ ಸದ್ದು ಮಾತ್ರ ಇರಲಿಲ್ಲ. 1901ರ ಜನಗಣತಿಯಲ್ಲಿ ಇಡೀ ಸಂಸ್ಥಾನದ ಜನಸಂಖ್ಯೆ 82,047, ರಾಜಧಾನಿಯದು 8,348. ಹಿಂದಿನ ಹತ್ತು ವರ್ಷದಲ್ಲಿ ಎರಡು ಘೋರ ಬರ ದಖ್ಖನ್ನನ್ನು ಸುಟ್ಟಿದ್ದವು, ಆದರೂ ಇಲ್ಲಿನ ಜನಸಂಖ್ಯೆ ನೂರಕ್ಕೆ ಎಂಟರಷ್ಟು ಏರಿತ್ತು. ತೋಪಿಗಿಂತ ಈ ಲೆಕ್ಕ ನನಗೆ ದೊಡ್ಡದಾಗಿ ಕೇಳಿಸುತ್ತದೆ.

1948ರ ಮಾರ್ಚ್ 8ರಂದು ದಖ್ಖನ್ನಿನ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ವಿಜಯಸಿಂಹರಾಜೇ ಆಳುವ ಅರಸರಲ್ಲಿ ಕೊನೆಯವರಾದರು, 1952ರಲ್ಲಿ ತೀರಿಕೊಂಡರು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ರಾಜಧನದ ಜೊತೆಗೆ 1707ರಲ್ಲಿ ಹೊಲದ ನಡುವೆ ಹುಟ್ಟಿದ ಆ ಬಿರುದಿನ ಮೇಲೂ ಸರಕಾರಿ ಗೆರೆ ಎಳೆಯಿತು.

ಜನರ ಕಥೆ ಮಾತ್ರ ಮುಗಿದಿಲ್ಲ. ರಾಜ ಹೋದ ಮೇಲೆ ಈ ಎರೆಭೂಮಿ ಮಹಾರಾಷ್ಟ್ರದ್ದೋ ಕರ್ನಾಟಕದ್ದೋ ಎಂಬ ಪ್ರಶ್ನೆ ಎದ್ದಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷದ ವರದಿಯಲ್ಲಿ ಇಡೀ ಅಕ್ಕಲಕೋಟ ತಾಲ್ಲೂಕು, ದಕ್ಷಿಣ ಸೊಲ್ಲಾಪುರ, ಜತ್ತದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತು. ವರದಿ ಜಾರಿಯಾಗಲಿಲ್ಲ. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷೆಯಾಗಿ ಬಂದ ಜಯದೇವಿತಾಯಿ ಲಿಗಾಡೆ ಇದೇ ಸೊಲ್ಲಾಪುರದ ಮಗಳು. ಕನ್ನಡ ಇಲ್ಲಿ ಎಷ್ಟು ಆಳಕ್ಕೆ ಬೇರು ಬಿಟ್ಟಿದೆ ಎನ್ನಲು ಆ ಒಂದು ಹೆಸರು ಸಾಕು. 2022ರ ಕೊನೆಯಲ್ಲಿ ಈ ತಾಲ್ಲೂಕಿನ ಕೆಲವು ಗ್ರಾಮ ಪಂಚಾಯತಿಗಳು ನೀರಿಲ್ಲ, ರಸ್ತೆಯಿಲ್ಲ, ನಮ್ಮನ್ನು ಕರ್ನಾಟಕಕ್ಕೆ ಸೇರಿಸಿ ಎಂದು ಠರಾವು ಮಾಡಿ ಮತ್ತೆ ಸುದ್ದಿಯಾದವು. ರಾಜಕೀಯ ಏನೇ ಇರಲಿ, ನಾಗಣಸೂರಿನ ಓಣಿಗಳಲ್ಲಿ ಕನ್ನಡ ಇನ್ನೂ ಮನೆಯ ಮಾತು, ತಾಲ್ಲೂಕಿನ ಹಳ್ಳಿಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಇನ್ನೂ ನಡೆಯುತ್ತಿವೆ. ಮಹಾರಾಷ್ಟ್ರ ಸರಕಾರವೇ ನಡೆಸುವ ಕನ್ನಡ ಶಾಲೆ!

ಹೋಗುವವರಿಗೆ ಒಂದು ಮಾತು. ಸೊಲ್ಲಾಪುರದಿಂದ ರಸ್ತೆಯಲ್ಲಿ ಸುಮಾರು 40 ಕಿಲೋಮೀಟರ್, ಬಸ್ಸುಗಳಿಗೆ ಬರವಿಲ್ಲ. ಕಲಬುರಗಿ ಕಡೆಯಿಂದ ರೈಲಿನಲ್ಲಿ ಬಂದರೆ ಅಕ್ಕಲಕೋಟ ರೋಡ್ ಸ್ಟೇಷನ್ನಿನಲ್ಲಿ ಇಳಿಯಬೇಕು. ಹೆಸರಿನಲ್ಲಿರುವ ರೋಡನ್ನು ಮರೆಯಬೇಡಿ, ಊರು ಅಲ್ಲಿಂದ ಇನ್ನೂ ಹತ್ತು ಹನ್ನೊಂದು ಕಿಲೋಮೀಟರ್ ದೂರ. ಬೆಳಿಗ್ಗೆ ಬೇಗ ಸ್ವಾಮಿಯ ದರ್ಶನ ಮುಗಿಸಿ, ಬಿಸಿಲೇರುವ ಮುಂಚೆ ಹಳೆಯ ರಾಜವಾಡೆಯ ಸುತ್ತಲಿನ ಪೇಟೆಯಲ್ಲಿ ಅಡ್ಡಾಡಿ, ಊಟದ ಮೇಲೆ ಶಸ್ತ್ರಾಗಾರಕ್ಕೆ ಹೋಗಿ. ಯಾತ್ರೆಯವರೆಂದು ತಿಳಿದು ರಿಕ್ಷಾದವರು ಮತ್ತೆ ಮಠದ ಬಾಗಿಲಿಗೇ ಒಯ್ದು ಬಿಡುವ ಸಂಭವವಿದೆ, ಹೊಸ ಅರಮನೆ ಎಂದು ಒತ್ತಿ ಹೇಳಿ. ಮರಾಠಿ ಬಾರದಿದ್ದರೆ ಚಿಂತೆ ಬೇಡ, ‘ಅರಮನಿ ಎಲ್ಲೈತ್ರೀ?’ ಎಂದು ಕೇಳಿದರೆ ಸಾಕು.